ಸವೆದ ರೂಪಾಯಿಗೆ ದರ್ಜೆ ಬರೆದವನು

ಚಳ್ಳಕೆರೆಯ ನಾಣ್ಯ ಸಂಘದಲ್ಲಿ ಮೂವತ್ತು ಕುರ್ಚಿಗಳಿದ್ದವು. ಜನ ಹೆದರುತ್ತಿದ್ದದ್ದು ಮಾತ್ರ ಒಂದೇ ಕುರ್ಚಿಗೆ. ಅದು ನಾಣ್ಯಕ್ಕೆ ದರ್ಜೆ ಹೇಳುವವರ ಕುರ್ಚಿ. ಹದಿನೆಂಟು ವರ್ಷದಿಂದ ಅದರಲ್ಲಿ ಕೂತಿದ್ದವರು ಗಡಿಯಾರ ರಿಪೇರಿಯ ರವೂಫ್ ಸಾಬರು.

ಸಾಬರ ದರ್ಜೆ ನಾಲ್ಕೇ ನಾಲ್ಕು. ಅಚ್ಚುಹೊಸದು, ಉತ್ತಮ, ಸಾಧಾರಣ, ಕಳಪೆ. ಹೊಳೆಯುವ ನಾಣ್ಯವನ್ನು ಯಾರು ಬೇಕಾದರೂ ಚೆನ್ನಾಗಿದೆ ಅಂತಾರೆ, ಅದಕ್ಕೇನು ವಿದ್ಯೆ ಬೇಕು? ಸಾವಿರ ಜೇಬು ಸುತ್ತಿ, ಸಿಂಹದ ಮೂಗು ಚಪ್ಪಟೆಯಾಗಿ, ತೆನೆ ಬರೀ ಕಡ್ಡಿಯಾಗಿ ಬಂದ ಒಂದು ರೂಪಾಯಿಯನ್ನು ಹಿಡಿದು ಇದು ಸಾಧಾರಣವೋ ಕಳಪೆಯೋ ಅಂತ ಹೇಳಬೇಕಲ್ಲ, ಅಲ್ಲಿರೋದು ಕಷ್ಟ. ಸಾಬರ ಲೆಕ್ಕದಲ್ಲಿ ತೆನೆಯ ಮೇಲೆ ಹತ್ತು ಕಾಳಾದರೂ ಬಿಡಿಬಿಡಿಯಾಗಿ ಕಂಡರೆ ಸಾಧಾರಣ. ಒಂಬತ್ತು ಕಂಡರೆ ಕಳಪೆ. ಮಾತು ಮುಗಿಯಿತು.

ಅವರ ಪದ್ಧತಿಗಳೂ ವಿಚಿತ್ರ. ನಾಣ್ಯದ ವರ್ಷದ ಮೇಲೆ ಕಾಗದದ ಚೂರು ಮುಚ್ಚಿ, ದರ್ಜೆ ಹೇಳಿದ ಮೇಲೆಯೇ ವರ್ಷ ನೋಡುತ್ತಿದ್ದರು. ಕಚ್ಚು, ಗೀರುಗಳನ್ನು ಗಡಿಯಾರದವರ ಹಾಗೆ ಗಂಟೆಯ ಲೆಕ್ಕದಲ್ಲಿ ಬರೆಯುತ್ತಿದ್ದರು. ಅಂಚಿನಲ್ಲಿ ಮೇಲೆ ಕಚ್ಚಿದ್ದರೆ ಹನ್ನೆರಡು ಗಂಟೆ, ಕೆಳಗಿದ್ದರೆ ಆರು ಗಂಟೆ. ಎಲ್ಲಕ್ಕಿಂತ ಹೆಚ್ಚಾಗಿ, ಅವರು ತಲೆ ಎತ್ತುತ್ತಿರಲಿಲ್ಲ. ಎದುರಿಗೆ ಒಂದು ಸ್ಟೀಲ್ ತಟ್ಟೆ. ಬಂದವರು ಅದರಲ್ಲಿ ನಾಣ್ಯ ಹಾಕಬೇಕು, ಮಾತಾಡಬಾರದು. ಸಾಬರು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ, ದರ್ಜೆ ಹೇಳಿ, ಕಾರ್ಬನ್ ಪುಸ್ತಕದಲ್ಲಿ ಚೀಟಿ ಬರೆದು, ನಕಲು ಉಳಿಸಿಕೊಂಡು, ಅಸಲನ್ನು ತಟ್ಟೆಯಲ್ಲಿಟ್ಟು ದೂಡುತ್ತಿದ್ದರು. ತಹಶೀಲ್ದಾರರು ಬಂದರೂ ಅಷ್ಟೆ, ಸ್ವಂತ ಅಳಿಯ ಬಂದರೂ ಅಷ್ಟೆ.

"ಏನ್ ಗರ್ವನಪ್ಪಾ ಈ ಮುದುಕನಿಗೆ, ನಮಸ್ಕಾರ ಅಂದ್ರೂ ಮುಖ ನೋಡಲ್ಲ" ಅಂತ ಜನ ಗೊಣಗುತ್ತಿದ್ದರು. ಸಾಬರು ಕಾರಣ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅವರ ಶಿಷ್ಯ ಮರುಳಸಿದ್ದಪ್ಪ. ಅಂಚೆ ಕಚೇರಿ ಎದುರು ಝೆರಾಕ್ಸ್ ಅಂಗಡಿ ಇಟ್ಟವನು, ನಲವತ್ತರ ಮೇಲಿನ ವಯಸ್ಸು, ಒಳ್ಳೆಯವನು. ಆದರೆ ಕೂತಲ್ಲಿ ಕೂರುವ ಜಾಯಮಾನ ಅಲ್ಲ. ಕಾಲು ಅಲ್ಲಾಡಿಸುತ್ತಿರಬೇಕು, ಇಲ್ಲವೇ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿರಬೇಕು. ಆರು ವರ್ಷ ಸಾಬರ ಪಕ್ಕದಲ್ಲಿ ಕೂತು ಕಲಿತಿದ್ದ. ಕಣ್ಣು ಚುರುಕು, ಕೈ ನಿಖರ. ಗುರುಗಳ ಒರಟುತನ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ಒಪ್ಪಿಗೆಯಿತ್ತು.

ಆ ತಿಂಗಳು ಸಾಬರ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಎರಡು ವಾರ ತಲೆ ಬಗ್ಗಿಸಕೂಡದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಸಾಬರು ಶಿಷ್ಯನಿಗೆ ಹೇಳಿ ಕಳಿಸಿದರು: "ಈ ಭಾನುವಾರ ನೀನೇ ಕೂತ್ಕೋ. ಸಾಯಂಕಾಲ ಐದಕ್ಕೆ ಬಂದು ಕಾರ್ಬನ್ ಪುಸ್ತಕ ನೋಡ್ತೀನಿ. ಸರಿಯಿದ್ರೆ ಅವತ್ತೇ ಕುರ್ಚಿ ನಿಂದು ಅಂತ ಅಧ್ಯಕ್ಷರ ಎದುರಿಗೇ ಹೇಳ್ಬಿಡ್ತೀನಿ."

ಮರುಳಸಿದ್ದಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ಭಾನುವಾರ ಸಂಘದವರು ಸೇರುವ ಶಾಲೆಯ ಕೋಣೆಗೆ ಒಂದು ಗಂಟೆ ಮೊದಲೇ ಹೋಗಿ ಮೇಜು ಒರೆಸಿದ, ಮತ್ತೆ ಒರೆಸಿದ. ತಟ್ಟೆಯನ್ನು ನೋಡಿದಾಗ ಅವನಿಗೆ ಒಂದು ಯೋಚನೆ ಬಂತು. 'ಬಂದವರ ಮುಖ ನೋಡದೆ ಇರೋದು ಯಾವ ಸಂಸ್ಕಾರ? ನಾನು ಕೂತ ದಿನದಿಂದ ಎಲ್ಲರನ್ನೂ ಮರ್ಯಾದೆಯಿಂದ ಮಾತಾಡಿಸಬೇಕು.' ತಟ್ಟೆಯನ್ನು ಎತ್ತಿ ಬೀರುವಿನಲ್ಲಿಟ್ಟ. ಪಾಪ, ತಾನು ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡ.

ಹತ್ತು ಗಂಟೆಗೆ ಜನ ಬಂದರು. ಎದ್ದು ನಿಂತು ಕೈಮುಗಿದ, ಹೆಸರು ಕೇಳಿದ, ಮನೆಯವರ ಆರೋಗ್ಯ ವಿಚಾರಿಸಿದ. "ನೋಡ್ರಪ್ಪ, ಇವ್ನು ಮನುಷ್ಯ ಅಂದ್ರೆ" ಅಂತ ಎಲ್ಲರಿಗೂ ಖುಷಿ.

ಆರನೆಯವಳಾಗಿ ಹೊನ್ನೂರಮ್ಮ ಬಂದಳು.

ಇವಳು ಊರಿನ ದೊಡ್ಡ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುವವಳು. ಇಪ್ಪತ್ತು ವರ್ಷದಿಂದ ಅವಳ ಕೈಗೆ ಬೀಳುವುದೆಲ್ಲ ಚಿಲ್ಲರೆಯೇ. ಅದರಲ್ಲಿ ವರ್ಷ ನೋಡಿ, ವರ್ಷದ ಕೆಳಗಿನ ಟಂಕಸಾಲೆಯ ಪುಟ್ಟ ಚುಕ್ಕೆ ನೋಡಿ ಆರಿಸಿಟ್ಟು ನಾಲ್ಕು ಡಬ್ಬಿ ತುಂಬಿಸಿದ್ದಳು. ಓದು ಬರಹ ಅಷ್ಟಕ್ಕಷ್ಟೆ, ಆದರೆ ಯಾವ ಚುಕ್ಕೆ ಯಾವ ಟಂಕಸಾಲೆಯದು ಅನ್ನುವುದು ಬಾಯಿಪಾಠ. ಆ ಡಬ್ಬಿಗಳನ್ನು ತೋರಿಸೋಕೆ ಅವಳಿಗೆ ಜನವೇ ಇರಲಿಲ್ಲ. ತೋರಿಸಿದರೆ "ಹುಚ್ಚೀನಾ ನೀನು, ಕೊಟ್ಟು ಸೊಪ್ಪು ತಗೋ" ಅನ್ನುತ್ತಿದ್ದರು. ಐದು ತಿಂಗಳಿಂದ ಸಂಘದ ಸಭೆ ನಡೆಯುವಾಗ ಕಿಟಕಿಯಾಚೆ ನಿಂತು ಒಳಗಿನ ಮಾತು ಕೇಳಿಸಿಕೊಳ್ಳುತ್ತಿದ್ದಳು. ಒಳಗೆ ಒಂದು ಕುರ್ಚಿ ಸಿಗಬೇಕು ಅನ್ನುವುದು ಅವಳ ಆಸೆ. ಸಂಘದ ನಿಯಮ ಏನೆಂದರೆ, ಹೊಸಬರು ಒಂದು ನಾಣ್ಯ ತರಬೇಕು, ಅದಕ್ಕೆ ಸಾಧಾರಣವೋ ಮೇಲೋ ದರ್ಜೆ ಬರಬೇಕು. ಕಳಪೆಯಾದರೆ ಬಾಗಿಲ ಹೊರಗೇ.

ಹೊನ್ನೂರಮ್ಮ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದಳು. ಎಣ್ಣೆ, ಕುಂಕುಮ ಹತ್ತಿ ಕಪ್ಪಾಗಿತ್ತು. "ಇಪ್ಪತ್ತು ವರ್ಸದಾಗೆ ಈ ವರ್ಸದ್ದು ಈ ಗುರುತಿಂದು ಒಂದೇ ಸಿಕ್ಕಿದ್ದು ಸ್ವಾಮಿ. ಒಸಿ ನೋಡ್ರಿ."

ಮರುಳಸಿದ್ದಪ್ಪ ಅವಳಿಗೂ ಕೈಮುಗಿದ, ಸುಳ್ಳು ಹೇಳಬಾರದು. ಆದರೆ ಕೈಮುಗಿಯುವಾಗ ಅವಳ ಹಿಮ್ಮಡಿ ಒಡೆದ ಕಾಲು ಕಂಡಿತು, ಹರಿದ ಸೆರಗು ಕಂಡಿತು, ಇವಳು ಚಪ್ಪಲಿ ಕಾಯುವವಳಲ್ಲವೇ ಅನ್ನುವುದು ನೆನಪಾಯಿತು. ವರ್ಷ ಮುಚ್ಚಿ ನೋಡಿದ. ಅಂಚಿನ ಕಚ್ಚು, ಗೀರು ಬರೆದುಕೊಂಡ, ತೆನೆಯ ಕಡೆ ಒಂದು ಸಲ ಕಣ್ಣಾಡಿಸಿದ. ಕಾಳು ಎಣಿಸುವ ಗೋಜಿಗೇ ಹೋಗಲಿಲ್ಲ.

"ಕಳಪೆ ಕಣಮ್ಮ" ಅಂದ, ಎಲ್ಲರಿಗೂ ಕೇಳುವ ಹಾಗೆ.

"ಇನ್ನೊಂದ್ಸಲ ನೋಡ್ತೀರಾ?"

"ನೋಡಿದ್ನಲ್ಲಮ್ಮ. ಮುಂದಿನವರು ಬನ್ನಿ."

ಚೀಟಿ ಬರೆದು ಕೊಟ್ಟ. ಅವಳು ಅದನ್ನು ಮಡಚಿ, ಬಾಗಿಲ ಬಳಿ ನಿಂತು, ಹರಿದು ಹಾಕಿದಳು. ಐದು ತಿಂಗಳ ಆಸೆ ಅರೆ ನಿಮಿಷದಲ್ಲಿ ಮುಗಿದಿತ್ತು.

ಅಲ್ಲೇ ನಿಂತಿದ್ದ ಎಣ್ಣೆ ಮಿಲ್ಲಿನ ನಾಗಭೂಷಣ ಎಲ್ಲವನ್ನೂ ನೋಡಿದ್ದ. ಬಲು ಚಾಲಾಕಿ ಆಸಾಮಿ. ಸಂಘದ ಅಧ್ಯಕ್ಷರಾದ ನಿವೃತ್ತ ಪ್ರಿನ್ಸಿಪಾಲ್ ಶಿವರುದ್ರಯ್ಯನವರ ಆಲ್ಬಮ್ಮಿನಲ್ಲಿ ಅದೇ ವರ್ಷದ, ಅದೇ ಗುರುತಿನ ಕಿಂಡಿ ಖಾಲಿ ಇದೆ ಅನ್ನುವುದು ಅವನಿಗೆ ಗೊತ್ತು. "ಬೇಜಾರ್ ಮಾಡ್ಕೋಬೇಡಮ್ಮ. ಆ ಕಳಪೆ ನಂಗೆ ಕೊಡು, ಈ ಹೊಳೆಯೋದು ನೀ ತಗೋ" ಅಂತ ಹೊಸ ರೂಪಾಯಿ ಒಂದನ್ನು ಅವಳ ಅಂಗೈಗೆ ಹಾಕಿದ. ಕಳಪೆ ಅನ್ನಿಸಿಕೊಂಡದ್ದನ್ನು ಇಟ್ಟುಕೊಂಡು ಏನು ಮಾಡಲಿ ಅಂತ ಅವಳು ಕೊಟ್ಟು ಹೋದಳು.

ನಾಗಭೂಷಣ ನಾಣ್ಯವನ್ನು ಒರೆಸಿದ, ಬಿಳಿ ರಟ್ಟಿನ ಚೌಕಟ್ಟಿಗೆ ಹಾಕಿ ಪಿನ್ ಹೊಡೆದ, ಸಾಲಿನಲ್ಲಿ ಬಂದು ನಿಂತ.

"ಓ, ಬನ್ನಿ ಬನ್ನಿ" ಅಂದ ಮರುಳಸಿದ್ದಪ್ಪ. ನಾಗಭೂಷಣನ ಮಿಲ್ಲಿನ ಝೆರಾಕ್ಸ್ ಎಲ್ಲ ಇವನ ಅಂಗಡಿಯಲ್ಲೇ ಆಗುವುದು. ಬಿಳಿ ರಟ್ಟಿನ ನಡುವೆ ರೂಪಾಯಿ ಲಕ್ಷಣವಾಗಿ ಕಂಡಿತು. ಕಾಳು ಎಣಿಸಿದ. ಏಳನೆಯದರ ಪಕ್ಕ ಎಂಟನೆಯದು ಇದ್ದ ಹಾಗಿತ್ತು. ಎಂಟು ಇದ್ದ ಮೇಲೆ ಒಂಬತ್ತು ಇರಲೇಬೇಕು. ಒಂಬತ್ತು ಇದ್ದ ಮೇಲೆ ಹತ್ತಕ್ಕೇನು ಧಾಡಿ? "ಸಾಧಾರಣ" ಅಂತ ಬರೆದ. ಬೇಕು ಅನ್ನುವ ಕಣ್ಣಿನ ಮುಂದೆ ತೆನೆಯಲ್ಲಿ ಕಾಳು ತಾನಾಗಿ ತುಂಬಿಕೊಳ್ಳುತ್ತದೆ, ನೋಡಿ.

ಹನ್ನೆರಡೂವರೆಗೆ ಅಧ್ಯಕ್ಷರೇ ಬಂದರು. ಅವರ ಕೈಯಲ್ಲಿ ಗಾಜಿನ ಹಾಗೆ ಹೊಳೆಯುವ ದುಂಡು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ನೀಲಿ ಮಖಮಲ್ಲಿನ ಮೇಲೆ ಒಂದು ರೂಪಾಯಿ. ಸಾಯಂಕಾಲ ಕುರ್ಚಿಗೆ ಒಪ್ಪಿಗೆ ಕೊಡಬೇಕಾದವರು ಇವರೇ. ಮರುಳಸಿದ್ದಪ್ಪನ ಕಾಲು ಮೇಜಿನ ಕೆಳಗೆ ಹೊಲಿಗೆ ಯಂತ್ರ ತುಳಿದ ಹಾಗೆ ಆಡತೊಡಗಿತು.

"ಸಾಧಾರಣ ಸಾರ್" ಅಂದ.

"ಸಾಧಾರಣಾನಾ?" ಅಂದರು ಅಧ್ಯಕ್ಷರು. ಅಷ್ಟೇ ಅಂದದ್ದು, ಬೇರೇನೂ ಇಲ್ಲ.

ಮರುಳಸಿದ್ದಪ್ಪ ಮತ್ತೆ ನೋಡಿದ. ಈ ಸಲ ಸಿಂಹದ ಕೇಸರವೂ ಕಂಡಿತು. ಇವನಿಗೇ ಆಶ್ಚರ್ಯ, ಆಗಲೇ ಯಾಕೆ ಕಾಣಲಿಲ್ಲ ಅಂತ. "ಉತ್ತಮ" ಅಂತ ಬರೆದು, ಎದ್ದು ನಿಂತು, ಎರಡೂ ಕೈಯಿಂದ ಚೀಟಿ ಕೊಟ್ಟ.

ಎರಡು ಗಂಟೆಗೆ ಸಭೆ ಮುಗಿಯಿತು. ಎಲ್ಲರೂ ಊಟಕ್ಕೆ ಹೋದರು. ಮರುಳಸಿದ್ದಪ್ಪ ಮಾತ್ರ ಉಳಿದು, ಗುರುಗಳು ಬರುವುದರೊಳಗೆ ಕಾರ್ಬನ್ ಪುಸ್ತಕವನ್ನು ಒಂದು ಸಲ ಓದಿಬಿಡೋಣ ಅಂತ ಕೂತ. ನಲವತ್ತಮೂರು ಚೀಟಿ. ಅಕ್ಷರ ಮುತ್ತಿನಂತೆ ಬಿದ್ದಿದ್ದವು. ಸಂತೋಷವಾಯಿತು.

ಹತ್ತೊಂಬತ್ತನೆಯದಕ್ಕೆ ಬಂದಾಗ ಬೆರಳು ನಿಂತಿತು. 'ಏಳು ಗಂಟೆಯಲ್ಲಿ ಕಚ್ಚು, ಎರಡು ಗಂಟೆಯಲ್ಲಿ ಗೀರು.' ಇದನ್ನೇ ಈಗಷ್ಟೇ ಓದಿದೆನಲ್ಲ? ಹಿಂದಕ್ಕೆ ತಿರುಗಿಸಿದ. ಆರನೆಯ ಚೀಟಿ: ಏಳು ಗಂಟೆಯಲ್ಲಿ ಕಚ್ಚು, ಎರಡು ಗಂಟೆಯಲ್ಲಿ ಗೀರು. ವರ್ಷ ಅದೇ, ಗುರುತು ಅದೇ. ಮುಂದಕ್ಕೆ ತಿರುಗಿಸಿದ. ಮೂವತ್ತೆಂಟನೆಯದು, ಅಧ್ಯಕ್ಷರದು. ಅಲ್ಲಿಯೂ ಅದೇ ಏಳು ಗಂಟೆ, ಅದೇ ಎರಡು ಗಂಟೆ.

ಒಂದೇ ನಾಣ್ಯ. ಹೊನ್ನೂರಮ್ಮನಿಂದ ನಾಗಭೂಷಣನ ಕೈಗೆ, ಅವನಿಂದ ಅಧ್ಯಕ್ಷರ ಕೈಗೆ ಹೋಗಿತ್ತು. ಅದಕ್ಕೆ ಮೂರು ಚೀಟಿ, ಮೂರು ದರ್ಜೆ. ಮೂರೂ ಅವನದೇ ಅಕ್ಷರ.

ಎದ್ದ, ಕೋಣೆ ಸುತ್ತಿದ, ಬಾಗಿಲು ಹಾಕಿದ, ಮತ್ತೆ ತೆಗೆದ. ಗೇಟಿನ ಸದ್ದಾದರೆ ಸಾಬರು ಬಂದರೇನೋ ಅಂತ ಕಿಟಕಿಗೆ ಓಡುತ್ತಿದ್ದ. ಜವಾನ ಸುಮ್ಮನೆ "ಏನ್ ಸಾರ್, ಇನ್ನೂ ಇದ್ದೀರಾ" ಅಂತ ಕೇಳಿದ್ದಕ್ಕೆ "ನಾನೇನೂ ಮಾಡಿಲ್ಲಪ್ಪ" ಅಂದುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

ಹಾಳೆ ಹರಿಯೋಣವೇ? ಚೀಟಿಗಳಿಗೆ ಅಚ್ಚಿನ ನಂಬರು ಇದೆ. ಒಂದರಲ್ಲಿ ಏಳನ್ನು ಒಂಬತ್ತು, ಇನ್ನೊಂದರಲ್ಲಿ ಎರಡನ್ನು ಮೂರು ಮಾಡೋಣವೇ? ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ. ಎರಡು ಗೀಟು ಸಾಕು, ಮೂರು ನಾಣ್ಯ ಬೇರೆಬೇರೆ ಆಗಿಬಿಡುತ್ತವೆ. ಸಾಯಂಕಾಲ ಕುರ್ಚಿ ಇವನದೇ. ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಬಾಗಿಲ ಬಳಿ ಚೀಟಿ ಹರಿದು ಹಾಕಿದ ಆ ಹೆಂಗಸಿನ ಕೈ ಕಣ್ಣ ಮುಂದಿನಿಂದ ಹೋಗಲೊಲ್ಲದು. 'ಇನ್ನೊಂದ್ಸಲ ನೋಡ್ತೀರಾ' ಅಂತ ಕೇಳಿದ್ದಳು. ಇವನು ನೋಡಿರಲಿಲ್ಲ. ಅಧ್ಯಕ್ಷರದನ್ನು ಅವರು ನೋಡು ಅಂತ ಹೇಳದೆಯೂ ಇನ್ನೊಂದು ಸಲ ನೋಡಿದ್ದ. ಹದಿನೆಂಟು ವರ್ಷ ಸಾಬರು ಯಾಕೆ ತಲೆ ಎತ್ತಲಿಲ್ಲ ಅನ್ನುವುದು ಅವನಿಗೆ ಆಗ ಹೊಳೆಯಿತು. ವರ್ಷದ ಮೇಲೆ ಕಾಗದ ಮುಚ್ಚುವ ಹಾಗೆ ಮನುಷ್ಯರ ಮುಖದ ಮೇಲೆ ಕಾಗದ ಮುಚ್ಚಲು ಆಗುವುದಿಲ್ಲ. ಅದಕ್ಕೇ ಆ ಮುದುಕ ತನ್ನ ತಲೆಯನ್ನೇ ಬಗ್ಗಿಸಿಕೊಂಡಿದ್ದ.

ಮೂರೂವರೆಗೆ ಬಾಗಿಲಿಗೆ ಬೀಗ ಹಾಕಿ ದೇವಸ್ಥಾನದ ಕಡೆ ಓಡಿದ.

ಹೊನ್ನೂರಮ್ಮ ಚಪ್ಪಲಿಗಳ ನಡುವೆ ಕೂತು ಟೋಕನ್ ಕೊಡುತ್ತಿದ್ದಳು. ಇವನು ಏದುಸಿರು ಬಿಡುತ್ತ ಎದುರಿಗೆ ಕುಕ್ಕರಿಸಿದ. ನಡೆದದ್ದನ್ನೆಲ್ಲ ಹೇಳಿದ. ಅದೇ ನಾಣ್ಯ, ಮಿಲ್ಲಿನವರಿಗೆ ಸಾಧಾರಣ, ಅಧ್ಯಕ್ಷರಿಗೆ ಉತ್ತಮ. ಹೇಳುವಾಗ ಅವಳ ಮುಖ ನೋಡಲಾರದೆ ಚಪ್ಪಲಿಗಳನ್ನೇ ನೋಡುತ್ತಿದ್ದ.

ಅವಳು ಬಂದವರೊಬ್ಬರಿಗೆ ಟೋಕನ್ ಕೊಟ್ಟಳು.

"ತಪ್ಪಾಯ್ತಮ್ಮ" ಅಂದ.

"ಇಲ್ಲಿ ಚಪ್ಪಲಿ ಹತ್ರ ಬಂದು ತಪ್ಪಾಯ್ತು ಅಂದ್ರೆ ಯಾರಿಗೆ ಕೇಳ್ತೈತೆ ಸ್ವಾಮಿ? ಕಳಪೆ ಅಂದಿದ್ದು ಇಡೀ ಕೋಣೆಗೆ ಕೇಳಿತ್ತು."

"ಅಲ್ಲಿ ಹೇಳಿದ್ರೆ ನನ್ನ ಕುರ್ಚಿ ಹೋಗುತ್ತಮ್ಮ."

"ನಂದು ಬೆಳಗ್ಗೇನೇ ಹೋಯ್ತಲ್ಲ."

ಮರುಳಸಿದ್ದಪ್ಪ ಎದ್ದು ನಿಂತ. "ಐದಕ್ಕೆ ಬನ್ನಿ. ಎಲ್ಲರ ಎದುರಿಗೆ ಹೇಳ್ತೀನಿ" ಅಂದ. ಅವಳು ಪಕ್ಕದ ಹೂವಿನವಳಿಗೆ ಟೋಕನ್ ಡಬ್ಬಿ ಒಪ್ಪಿಸಿ ಆಗಲೇ ಎದ್ದಳು.

ಐದಕ್ಕೆ ಸಾಬರು ಬಂದರು. ಬಲಗಣ್ಣಿಗೆ ಪಟ್ಟಿ, ಕತ್ತು ಕಂಬದ ಹಾಗೆ ನೆಟ್ಟಗೆ. ಅಧ್ಯಕ್ಷರು ಇದ್ದರು, ನಾಗಭೂಷಣ ಇದ್ದ, ಚಹಾಕ್ಕೆ ಅಂತ ಏಳೆಂಟು ಸದಸ್ಯರು ಇದ್ದರು. ಸಾಬರು ಪುಸ್ತಕಕ್ಕೆ ಕೈ ಚಾಚುವ ಮೊದಲೇ ಮರುಳಸಿದ್ದಪ್ಪ ಅದನ್ನು ತೆರೆದು ಆರು, ಹತ್ತೊಂಬತ್ತು, ಮೂವತ್ತೆಂಟು, ಮೂರನ್ನೂ ಗಟ್ಟಿಯಾಗಿ ಓದಿದ. "ಇದು ಒಂದೇ ನಾಣ್ಯ. ಈ ಅಮ್ಮನದು. ನಾನು ನಾಣ್ಯ ನೋಡ್ಲಿಲ್ಲ, ತಂದವರನ್ನ ನೋಡಿದೆ" ಅಂದ.

ನಾಗಭೂಷಣ ಕಿಟಕಿಯಾಚೆ ಏನೋ ಇದೆ ಅನ್ನುವ ಹಾಗೆ ನೋಡಿದ. ಅಧ್ಯಕ್ಷರ ಮುಖ ಕೆಂಪಾಯಿತು. "ಹಾಗಾದ್ರೆ ಇದರ ನಿಜವಾದ ದರ್ಜೆ ಏನ್ರಿ?" ಅಂತ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು.

ಸಾಬರು ಶಿಷ್ಯನಿಗೆ ಹೇಳಿದರು: "ನಾನು ಬಗ್ಗೋ ಹಾಗಿಲ್ಲ. ನೀನೇ ಹೇಳು. ತಟ್ಟೆ ತಗೊಂಬಾ."

ಬೀರುವಿನಿಂದ ತಟ್ಟೆ ಬಂತು. ಡಬ್ಬಿ, ಮಖಮಲ್ಲು ಎಲ್ಲ ಕಳಚಿ ಬರೀ ರೂಪಾಯಿಯನ್ನು ಅದರಲ್ಲಿ ಹಾಕಿದರು. ಮರುಳಸಿದ್ದಪ್ಪ ತಲೆ ಬಗ್ಗಿಸಿದ. ಭೂತಗನ್ನಡಿಯೊಳಗೆ ತೆನೆ ಕಂಡಿತು.

ಒಂದು, ಎರಡು, ಮೂರು. ಎದುರಿಗೆ ನಿಂತ ಹೊನ್ನೂರಮ್ಮನ ಕಾಲು ಅವನ ಕಣ್ಣಂಚಿಗೆ ಬೀಳುತ್ತಿತ್ತು. ನಾಲ್ಕು, ಐದು, ಆರು. ಏಳು. ಎಂಟನೆಯದು ಇದ್ದಿರಬಹುದೇ? ಬೆಳಗ್ಗೆ ನಾಗಭೂಷಣನಿಗಾಗಿ ಹತ್ತು ಕಂಡವನಿಗೆ ಈ ಬಡ ಹೆಂಗಸಿಗಾಗಿ ಇನ್ನು ಮೂರು ಕಾಣಬಾರದೇ? 'ಸಾಧಾರಣ' ಅಂದುಬಿಟ್ಟರೆ ಅವಳಿಗೆ ಕುರ್ಚಿ ಸಿಗುತ್ತದೆ, ಮಾಡಿದ ಪಾಪ ಕಳೆಯುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಮಾತು. ಆದರೆ ಅದೂ ಮುಖ ನೋಡಿಯೇ ಬರುತ್ತಿರುವ ದರ್ಜೆ ಅಂತ ಅವನಿಗೆ ಗೊತ್ತಾಯಿತು. ಮತ್ತೆ ಮೊದಲಿನಿಂದ ಎಣಿಸಿದ. ಏಳೇ.

"ಕಳಪೆ" ಅಂದ. ಕಣ್ಣಲ್ಲಿ ನೀರು ಬಂತು.

ಸಾಬರು ನಾಣ್ಯವನ್ನು ಬೆಳಕಿಗೆ ಎತ್ತಿ ಹಿಡಿದು ಎಡಗಣ್ಣಿಂದ ನೋಡಿ ತಟ್ಟೆಗೆ ಹಾಕಿದರು. "ಏಳು ಕಾಳು. ಕಳಪೆ. ಮೂರರಲ್ಲಿ ಮೊದಲನೇ ಚೀಟಿ ಸರೀನೇ ಇತ್ತು, ಬರೆದ ರೀತಿ ಸರಿ ಇರ್ಲಿಲ್ಲ. ಮರುಳಸಿದ್ದಪ್ಪ, ಇನ್ನೊಂದು ವರ್ಷ ನನ್ನ ಪಕ್ಕದಲ್ಲೇ ಕೂತ್ಕೋ" ಅಂದರು.

ಕುರ್ಚಿ ಹೋಯಿತು. ಅದಕ್ಕಿಂತ ಹೆಚ್ಚಾಗಿ ಅವನಿಗೆ ಹೊನ್ನೂರಮ್ಮನ ಕಡೆ ನೋಡಲು ಭಯ. ಒಂದೇ ದಿನದಲ್ಲಿ ಎರಡು ಸಲ ಅವಳನ್ನು ಹೊರಗೆ ಹಾಕಿದ ಹಾಗಾಯಿತಲ್ಲ.

ಹೊನ್ನೂರಮ್ಮ ಮೇಜಿನ ಹತ್ತಿರ ಬಂದಳು. ನಾಗಭೂಷಣ ಕೊಟ್ಟಿದ್ದ ಹೊಳೆಯುವ ರೂಪಾಯಿಯನ್ನು ಅವನ ಮುಂದೆ ಇಟ್ಟಳು. ಅಧ್ಯಕ್ಷರು ತಟ್ಟೆಯನ್ನು ಅವಳ ಕಡೆ ದೂಡಿದರು. ಅದರಲ್ಲಿದ್ದ ತನ್ನ ಸವೆದ ರೂಪಾಯಿಯನ್ನು ತೆಗೆದುಕೊಂಡು ಸೆರಗಿಗೆ ಗಂಟು ಹಾಕಿದಳು.

"ಬೆಳಗ್ಗೆ ಇದು ನಂಗೊಬ್ಬಳಿಗೇ ಕಳಪೆ ಆಗಿತ್ತು. ಈಗ ಎಲ್ಲಾರಿಗೂ ಆತು. ಈಗ ಒಪ್ಕೋತೀನಿ" ಅಂದಳು.

ಆಮೇಲೆ ಅಧ್ಯಕ್ಷರ ಕಡೆ ತಿರುಗಿದಳು. "ಮನೇಲಿ ನಾಲ್ಕು ಡಬ್ಬಿ ಐತೆ ಸಾರ್. ಬರೋ ತಿಂಗಳು ಇನ್ನೊಂದು ತರ್ತೀನಿ. ನೋಡೋದು ಮಾತ್ರ ಈಯಪ್ಪನೇ ನೋಡ್ಲಿ" ಅಂತ ಮರುಳಸಿದ್ದಪ್ಪನ ಕಡೆ ಕೈ ತೋರಿಸಿದಳು.

ನೀತಿ: ಕಡ್ಡಿ ಮುರಿದ ಹಾಗೆ ಸತ್ಯ ಹೇಳಿದರೂ ಜನ ತಡೆದುಕೊಳ್ಳುತ್ತಾರೆ, ಆ ಸತ್ಯ ಎಲ್ಲರಿಗೂ ಒಂದೇ ಆಗಿದ್ದರೆ. ಬಡವರಿಗೆ ಮಾತ್ರ ಹೇಳುವ ಸತ್ಯ ಅನ್ಯಾಯವೇ, ಕನಿಕರಕ್ಕೆ ಹೇಳುವ ಸುಳ್ಳೂ ಅನ್ಯಾಯವೇ. ಮುಖ ನೋಡಿ ಮಣೆ ಹಾಕುವವನ ಕೈಯಲ್ಲಿ ಅಳತೆ ಕೊಡಬೇಡಿ, ನಿಮ್ಮ ಕೈಗೇ ಅಳತೆ ಬಂದರೆ ತಲೆ ಬಗ್ಗಿಸಿ ಎಣಿಸಿ.